ಕುಲುಮೆಯಿಂದ ತಪ್ಪಿಸಿಕೊಂಡ ಕಾಸುಗಳು

(ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಭಾನುವಾರ ನಾಣ್ಯಾಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರ ಮನೆಯ ದೇವರ ಪೆಟ್ಟಿಗೆಯಲ್ಲಿ ಐದನೇ ಜಾರ್ಜ್ ರಾಜನ ಬೆಳ್ಳಿ ರೂಪಾಯಿ ಇರುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಹೊರಗೆ ಬಂದು, ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ ಹೋಗುತ್ತದೆ. ಇವತ್ತು ಮನೆಗೆ ಹೋದಮೇಲೆ ಅದರ ಇಸವಿ ನೋಡಿ. 1918 ಅಥವಾ 1919 ಎಂದಿದ್ದರೆ ಅದರೊಳಗಿನ ಬೆಳ್ಳಿ ಒಂದು ಕಾಲದಲ್ಲಿ ಅಮೆರಿಕದ ಡಾಲರ್ ಆಗಿದ್ದಿರಬಹುದು. ಇದನ್ನು ಬೆರಗು ಹುಟ್ಟಿಸಲು ಹೇಳುತ್ತಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

ಮೊದಲ ಮಹಾಯುದ್ಧದ ಹೊತ್ತಿಗೆ ನಮ್ಮ ಜನ ಕಾಗದದ ನೋಟನ್ನು ಪೂರ್ತಿ ನಂಬಿರಲಿಲ್ಲ. ಯುದ್ಧದ ಸುದ್ದಿ ಬಿಗಡಾಯಿಸಿದಷ್ಟೂ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುವವರು ಹೆಚ್ಚಾದರು. ಸರ್ಕಾರ 1917ರಲ್ಲಿ ಒಂದು ರೂಪಾಯಿಯ ನೋಟನ್ನೇ ಅಚ್ಚು ಮಾಡಿತು. ಅದರ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೂ ಹಾಕಿತು, ಜನಕ್ಕೆ ಧೈರ್ಯ ಬರಲಿ ಅಂತ. ಆದರೂ ಖಜಾನೆಯ ಬೆಳ್ಳಿ ಕರಗುತ್ತಾ ಹೋಯಿತು. ಆಗ ಬ್ರಿಟನ್ ಅಮೆರಿಕದ ಮೊರೆ ಹೋಯಿತು. 1918ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಸತ್ತು ಪಿಟ್‌ಮನ್ ಕಾಯ್ದೆ ಎಂಬುದನ್ನು ಮಾಡಿ, ಖಜಾನೆಯಲ್ಲಿ ಮೂಟೆಗಟ್ಟಲೆ ಬಿದ್ದಿದ್ದ ಬೆಳ್ಳಿ ಡಾಲರುಗಳನ್ನು ಕರಗಿಸಲು ಒಪ್ಪಿಗೆ ಕೊಟ್ಟಿತು. ಕರಗಿದ್ದು 27 ಕೋಟಿಗೂ ಹೆಚ್ಚು ಡಾಲರ್. ಅದರಲ್ಲಿ ಸುಮಾರು 25.9 ಕೋಟಿ ಡಾಲರಿನ ಬೆಳ್ಳಿ ಭಾರತಕ್ಕೆಂದೇ ಬ್ರಿಟನ್ನಿಗೆ ಮಾರಾಟವಾಯಿತು. ಒಂದು ಡಾಲರಿನ ಬೆಳ್ಳಿಯಲ್ಲಿ ನಮ್ಮ ಎರಡು ರೂಪಾಯಿ ಆಗಿ ಇನ್ನೂ ಸ್ವಲ್ಪ ಉಳಿಯುತ್ತದೆ. ಬೊಂಬಾಯಿ, ಕಲ್ಕತ್ತಾ ಟಂಕಸಾಲೆಗಳು ಹಗಲಿರುಳೂ ದುಡಿದವು. 1918 ಒಂದೇ ಇಸವಿಯಲ್ಲಿ ಎರಡೂ ಕಡೆ ಸೇರಿ ಅಚ್ಚಾದ ರೂಪಾಯಿ 40 ಕೋಟಿಗೂ ಹೆಚ್ಚು.

ಈಗ ಇದರ ಇನ್ನೊಂದು ತುದಿ ನೋಡಿ. ಅಮೆರಿಕದವರು ಆ ಡಾಲರುಗಳನ್ನು ಕರಗಿಸುವಾಗ ಯಾವ ಇಸವಿಯದು ಎಷ್ಟು ಹೋಯಿತು ಎಂದು ಬರೆದಿಡಲಿಲ್ಲ. ಹಾಗಾಗಿ ಅಲ್ಲಿನ ಸಂಗ್ರಾಹಕರಿಗೆ ಇವತ್ತಿಗೂ ಅದೊಂದು ಒಗಟು. ಟಂಕಸಾಲೆಯ ಲೆಕ್ಕದ ಪ್ರಕಾರ 1895ರಲ್ಲಿ ಫಿಲಡೆಲ್ಫಿಯಾದಲ್ಲಿ ಚಲಾವಣೆಗೆಂದು 12,000 ಡಾಲರ್ ಅಚ್ಚಾದವು. ಇವತ್ತು ಅಂಥದ್ದು ಒಂದೂ ಕಣ್ಣಿಗೆ ಬಿದ್ದಿಲ್ಲ. ಉಳಿದಿರುವುದು ಸಂಗ್ರಾಹಕರಿಗಾಗಿ ಹೊಳಪು ಕೊಟ್ಟು ಮಾಡಿದ 880 ಪ್ರೂಫ್ ನಾಣ್ಯಗಳ ಪೈಕಿ ಕೆಲವು. ಅಲ್ಲಿ ಡಾಲರ್ ಅಪರೂಪವಾದದ್ದಕ್ಕೂ ನಮ್ಮಲ್ಲಿ 1918ರ ರೂಪಾಯಿ ಎಲ್ಲೆಂದರಲ್ಲಿ ಸಿಗುವುದಕ್ಕೂ ಕಾರಣವಾದದ್ದು ಅದೇ ಬೆಂಕಿ.

ನಾನು ಹೇಳಬೇಕಾದ್ದು ಇಷ್ಟೇ. ನಾಣ್ಯದ ಅಪರೂಪವನ್ನು ಟಂಕಸಾಲೆಯ ಲೆಕ್ಕದಲ್ಲಿ ಹುಡುಕುವವರು ಅರ್ಧ ಕಥೆಯನ್ನು ಮಾತ್ರ ಓದುತ್ತಾರೆ. ಎಷ್ಟು ಅಚ್ಚಾಯಿತು ಅನ್ನುವುದಕ್ಕಿಂತ ಎಷ್ಟು ಕರಗಲಿಲ್ಲ ಅನ್ನುವುದು ದೊಡ್ಡದು. ಅದು ಗೊತ್ತಿರುವವನು ನಾಣ್ಯವನ್ನು ಕೂಡಿಡುವ ರೀತಿಯೇ ಬೇರೆ, ತೋರಿಸುವ ರೀತಿಯೂ ಬೇರೆ.

ಕೀ ಡೇಟ್ ಎಂಬ ಮಾತನ್ನು ನಾವೆಲ್ಲ ಬಳಸುತ್ತೇವೆ. ಒಂದೇ ಬಗೆಯ ನಾಣ್ಯ ವರ್ಷವರ್ಷವೂ ಅಚ್ಚಾಗುತ್ತಾ ಬಂದಿದ್ದರೆ, ಆ ಸಾಲಿನಲ್ಲಿ ಎಲ್ಲಕ್ಕಿಂತ ಸಿಗದೆ ಸತಾಯಿಸುವ ಇಸವಿ ಅಥವಾ ಟಂಕಸಾಲೆ ಅದು. ಈ ಹುಚ್ಚು ಜನಸಾಮಾನ್ಯರಿಗೆ ಹಿಡಿದದ್ದು ಅಮೆರಿಕದಲ್ಲಿ, 1930ರ ದಶಕದಲ್ಲಿ. ಇಸವಿಗೊಂದು ತೂತು ಇರುವ ರಟ್ಟಿನ ಹಲಗೆಗಳು ಅಂಗಡಿಗೆ ಬಂದವು. ಆರ್ಥಿಕ ಕುಸಿತದ ಕಾಲ, ಜನರ ಕೈಯಲ್ಲಿ ದುಡ್ಡಿಲ್ಲ, ಆದರೆ ಒಂದೊಂದು ಸೆಂಟ್ ಹುಡುಕಿ ತೂತು ತುಂಬಿಸುವ ಆಟಕ್ಕೆ ಖರ್ಚಿಲ್ಲ. ಎಲ್ಲ ತುಂಬಿದರೂ ಕೆಲವು ತೂತು ಖಾಲಿ ಉಳಿಯುತ್ತಿದ್ದವು. 1909ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ, ಹಿಂಬದಿಯಲ್ಲಿ ಕಲಾವಿದ ವಿಕ್ಟರ್ ಡೇವಿಡ್ ಬ್ರೆನ್ನರ್ ಹೆಸರಿನ ಮೂರು ಅಕ್ಷರಗಳಿದ್ದ ಲಿಂಕನ್ ಸೆಂಟ್ ಅಂಥದ್ದು. ಅಕ್ಷರಗಳು ಎದ್ದು ಕಾಣುತ್ತವೆಂದು ತಕರಾರು ಬಂದು ಅವನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅಚ್ಚಾಗಿದ್ದು 4,84,000 ಮಾತ್ರ. 1916ರ ಡೆನ್ವರ್ ಟಂಕಸಾಲೆಯ ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, 2,64,000. ಕೋಟಿಗಟ್ಟಲೆ ಅಚ್ಚಾಗುವ ದೇಶದಲ್ಲಿ ಇದು ಏನೂ ಅಲ್ಲ.

ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಆ ಖಾಲಿ ತೂತು. ಸಾಲು ಅಂತ ಒಂದು ಇಲ್ಲದಿದ್ದರೆ ಅಪರೂಪವೂ ಇಲ್ಲ. 1939ರ ರೂಪಾಯಿಯನ್ನು ಒಂಟಿಯಾಗಿ ಮಖಮಲ್ಲಿನ ಮೇಲಿಟ್ಟರೆ ನೋಡುವವನಿಗೆ ಅದೊಂದು ಬೆಳ್ಳಿ ಬಿಲ್ಲೆ. ಅದರ ಎಡಕ್ಕೆ 1938, ಬಲಕ್ಕೆ 1940 ಇಟ್ಟಾಗ ಅದಕ್ಕೆ ಅರ್ಥ ಬರುತ್ತದೆ.

ನಮ್ಮ ರೂಪಾಯಿಗಳಿಗೆ ಬರೋಣ. ಬೆಳ್ಳಿ ರೂಪಾಯಿ ಅಂದರೆ 11.66 ಗ್ರಾಂ ತೂಕ, ನೂರಕ್ಕೆ 91.7 ಪಾಲು ಬೆಳ್ಳಿ. ವಿಕ್ಟೋರಿಯಾ ಕಾಲದಿಂದ 1939ರವರೆಗೆ ಈ ಲೆಕ್ಕ ಬದಲಾಗಲಿಲ್ಲ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಎಲ್ಲರ ಮನೆಯಲ್ಲೂ ಇದೆಯಲ್ಲ, ಅದಕ್ಕೂ ಒಂದು ಕಾರಣವಿದೆ. ಆ ಇಸವಿಯನ್ನು ಹಾಗೇ ಉಳಿಸಿಕೊಂಡು 1874ರವರೆಗೂ ಅದನ್ನೇ ಅಚ್ಚು ಮಾಡಿದರು. ಅಲ್ಲಿ ಹುಡುಕಬೇಕಾದದ್ದು ಇಸವಿಯನ್ನಲ್ಲ, ಇಸವಿಯ ಸುತ್ತಮುತ್ತ ಇರುವ ಚುಕ್ಕಿಗಳನ್ನು. ಅದು ಒಂದು ಇಡೀ ಮಧ್ಯಾಹ್ನದ ಪಾಠ, ಇವತ್ತು ಬಿಡೋಣ.

1911ರ ರೂಪಾಯಿ ಎಲ್ಲರಿಗೂ ಗೊತ್ತು, ಹಂದಿ ರೂಪಾಯಿ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ ಬಂದ ಮೊದಲ ರೂಪಾಯಿ ಅದು. ರಾಜನ ಮೈಮೇಲಿನ ಸರದಲ್ಲಿ ಪುಟ್ಟ ಆನೆಯೊಂದಿದೆ. ಸೊಂಡಿಲು ಗಿಡ್ಡ, ಬಾಲ ಗಿಡ್ಡ, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗದ್ದಲವಾಯಿತು. 94 ಲಕ್ಷ ಅಚ್ಚಾಗಿದ್ದವು. ಜನರ ಕೈಗೆ ಹೋಗಿದ್ದ ಸುಮಾರು 7 ಲಕ್ಷ ಬಿಟ್ಟು ಮಿಕ್ಕಿದ್ದು ಕುಲುಮೆಗೆ ಹೋಯಿತು. 1912ರಲ್ಲಿ ಆನೆಗೆ ಸರಿಯಾದ ಸೊಂಡಿಲು ಬಂತು. ಮೈಸೂರಿನವರಿಗೆ ಆನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಂದಿ ರೂಪಾಯಿಯನ್ನೂ 1912ರದನ್ನೂ ಅಕ್ಕಪಕ್ಕ ಇಟ್ಟು ಲೆನ್ಸ್ ಕೊಟ್ಟರೆ ನಮ್ಮ ಮಕ್ಕಳು ವ್ಯತ್ಯಾಸವನ್ನು ತಾವೇ ಹೇಳುತ್ತಾರೆ. ಆದರೆ ಒಂದು ಮಾತು: 7 ಲಕ್ಷ ಅನ್ನುವುದು ಸಣ್ಣ ಸಂಖ್ಯೆಯಲ್ಲ. ಕಥೆ ದೊಡ್ಡದಾಗಿರುವ ನಾಣ್ಯಕ್ಕೆ ಜನ ಅದರ ಅಪರೂಪಕ್ಕಿಂತ ಹೆಚ್ಚು ದುಡ್ಡು ಕೊಡುತ್ತಾರೆ. ಕೊಡಲಿ, ತಪ್ಪಿಲ್ಲ, ಗೊತ್ತಿದ್ದು ಕೊಡಲಿ.

ಅದಕ್ಕಿಂತ ಕಷ್ಟದ್ದು 1921 ಮತ್ತು 1922. ಯುದ್ಧಕಾಲದ ಬೆಳ್ಳಿಯ ಪ್ರವಾಹ ಇಳಿದ ಮೇಲೆ ಬೊಂಬಾಯಿಯಲ್ಲಿ ಮಾತ್ರ ಸ್ವಲ್ಪ ಅಚ್ಚಾದ ರೂಪಾಯಿಗಳು ಇವು. ಅಲ್ಲಿಂದ ಮುಂದೆ 1938ರವರೆಗೆ ಚಲಾವಣೆಗೆ ಹೊಸ ರೂಪಾಯಿಯೇ ಬರಲಿಲ್ಲ. ಇವುಗಳ ಬಗ್ಗೆ ಯಾವ ರೋಚಕ ಕಥೆಯೂ ಇಲ್ಲ. ಅದಕ್ಕೇ ಹಳೆ ಗಂಟುಗಳಲ್ಲಿ ಯಾರೂ ಗಮನಿಸದೆ ಬಿಟ್ಟಿರುತ್ತಾರೆ. ಅಶೋಕ ರಸ್ತೆಯ ಬೆಳ್ಳಿ ಅಂಗಡಿಗಳ ಕಡೆ ಓಡಾಡುವ ಹುಡುಗರಿಗೆ ನಾನು ಸದಾ ಹೇಳುವುದು, 1911 ಹುಡುಕಬೇಡಿ, 1922 ಹುಡುಕಿ ಅಂತ. ತೂಕಕ್ಕೆ ಹಾಕಿ ಕರಗಿಸಲು ಇಟ್ಟ ರಾಶಿಯಲ್ಲಿ ಇಂಥವು ಇವತ್ತಿಗೂ ಹೋಗುತ್ತಿವೆ. ಬೆಳ್ಳಿಯ ಬೆಲೆ ಏರಿದಾಗೆಲ್ಲ ನನಗೆ ಸಂಕಟ ಆಗುವುದು ಇದಕ್ಕೇ.

ಇನ್ನು 1939. ಆರನೇ ಜಾರ್ಜ್‌ನ ರೂಪಾಯಿ. ನಮ್ಮ ರೂಪಾಯಿ ಸಾಲಿನ ಅರಸ ಅದು. ಅದು ನೂರಕ್ಕೆ 91.7 ಪಾಲು ಬೆಳ್ಳಿಯ ಹಳೆ ಪದ್ಧತಿಯ ಕೊನೆಯ ರೂಪಾಯಿ. ಎರಡನೇ ಮಹಾಯುದ್ಧ ಶುರುವಾಗಿ 1940ರಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಆಮೇಲೆ ಹಳೆ ರೂಪಾಯಿಗಳನ್ನು ಸರ್ಕಾರವೇ ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಂಡಿತು. 1939ರ ಇಸವಿಯದ್ದು ಲಕ್ಷಗಟ್ಟಲೆ ಅಚ್ಚಾದರೂ ಜನರ ಕೈಯಲ್ಲಿ ಉಳಿದದ್ದು ಅತ್ಯಲ್ಪ. ಲೆಕ್ಕದ ಪುಸ್ತಕ ನೋಡಿ ನಾಣ್ಯ ಕೊಳ್ಳುವವರಿಗೆ ಇದೇ ಅತಿ ದೊಡ್ಡ ಪಾಠ.

ಇದು ಬಲು ದುಬಾರಿಯಾದ್ದರಿಂದ ನಕಲಿಗಳೂ ಬಹಳ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಸುಲಭದ ನಕಲಿ ಅಂದರೆ 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡುವುದು. ಇದನ್ನು ಹಿಡಿಯಲು ಆ ಇಸವಿಯೇ ಸಾಕು, ಏಕೆಂದರೆ 1939ರಲ್ಲಿ ಎರಡು ಒಂಬತ್ತುಗಳಿವೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದು ಎರಡನ್ನೂ ಹೋಲಿಸಿ. ಬಾಲದ ಬಾಗು, ಒಳಗಿನ ಗುಂಡು, ಎತ್ತರ ಎಲ್ಲವೂ ಒಂದೇ ಥರ ಇರಬೇಕು. ಕೊನೆಯ ಒಂಬತ್ತಿನ ಸುತ್ತ ಲೋಹ ತಗ್ಗಾಗಿದ್ದರೆ, ಗೀರಿದ್ದರೆ, ನಾಣ್ಯ ವಾಪಸ್ ಕೊಟ್ಟು ಕೈ ಮುಗಿಯಿರಿ. ಎರಡನೆಯದು ಅಚ್ಚಿನಲ್ಲಿ ಎರಕ ಹೊಯ್ದ ನಕಲಿ. ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು, ಅಂಚಿನ ಗೀಟುಗಳು ಮೊಂಡು. ತೂಕ 11.66 ಇದೆ ಅಂದಮಾತ್ರಕ್ಕೆ ನಂಬಬೇಡಿ. ಅರ್ಧ ಬೆಳ್ಳಿಯ 1940ರ ನಂತರದ ರೂಪಾಯಿಗೂ ಅದೇ ತೂಕ. ನೀರಿನಲ್ಲಿ ತೂಗಿ ಸಾಪೇಕ್ಷ ಸಾಂದ್ರತೆ, ಅಂದರೆ ಲೋಹ ನೀರಿಗಿಂತ ಎಷ್ಟು ಪಟ್ಟು ಭಾರ ಎಂದು, ನೋಡಬೇಕು. ಹಳೆ ರೂಪಾಯಿಯ ಬೆಳ್ಳಿ 10.3ರ ಆಸುಪಾಸು ಬರುತ್ತದೆ, ಅರ್ಧ ಬೆಳ್ಳಿಯದು ಒಂಬತ್ತೂವರೆಯ ಹತ್ತಿರ. ಒಂದು ತಕ್ಕಡಿ, ಒಂದು ಲೋಟ ನೀರು, ಒಂದು ದಾರ. ನಾಣ್ಯಕ್ಕೆ ಇದರಿಂದ ಏನೂ ತೊಂದರೆ ಇಲ್ಲ, ಆಮೇಲೆ ಒತ್ತಿ ಒಣಗಿಸಿ, ಉಜ್ಜಬೇಡಿ.

ಇದೆಲ್ಲ ಬ್ರಿಟಿಷರ ಟಂಕಸಾಲೆಯ ಮಾತಾಯಿತು. ನಾವು ಕೂತಿರುವ ಊರಿನ ನಾಣ್ಯಗಳಿಗೆ ಬಂದರೆ ಕೀ ಡೇಟ್ ಹುಡುಕಾಟ ಇನ್ನೂ ಸೊಗಸಾಗುತ್ತದೆ, ಇನ್ನೂ ಕಷ್ಟವೂ ಆಗುತ್ತದೆ.

ಕಂಠೀರವ ನರಸರಾಜ ಒಡೆಯರ ಕಾಲದ, ಅಂದರೆ 1638ರಿಂದ 1659ರವರೆಗಿನ ಆಳ್ವಿಕೆಯಲ್ಲಿ ಶುರುವಾದ ಕಂಠೀರಾಯ ಹಣವನ್ನು ನೋಡಿದವರಿದ್ದೀರಿ. ಉಗುರಿನ ಮೇಲೆ ಕೂರುವಷ್ಟು ಚಿಕ್ಕ ಚಿನ್ನ, ಅದರಲ್ಲಿ ನರಸಿಂಹ. ಇಸವಿ ಇಲ್ಲ. ಇಸವಿ ಇಲ್ಲದ ಕಡೆ ಕೀ ಡೇಟ್ ಎಂಬ ಮಾತಿಗೇ ಜಾಗವಿಲ್ಲ, ಅಲ್ಲಿ ಶೈಲಿಯನ್ನು ಓದಬೇಕು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡು ಗೊಂಡ’ ಎಂದು ಕನ್ನಡದಲ್ಲೇ ಬರೆದಿದೆ. ತಲಕಾಡನ್ನು ಚೋಳರಿಂದ ಗೆದ್ದ ಸಂಭ್ರಮ ಅದು. ಇಸವಿ ಬೇಕಿಲ್ಲ, ಘಟನೆಯೇ ಅಲ್ಲಿ ಕೂತಿದೆ.

ಹೈದರಾಲಿಯ ವರಹದ ವಿಷಯ ಹೇಳದೆ ಮುಂದೆ ಹೋಗಲಾರೆ. ಬಿದನೂರನ್ನು ಗೆದ್ದ ಮೇಲೆ ಅಲ್ಲಿನ ನಾಯಕರ ವರಹದ ಮೇಲಿದ್ದ ಶಿವ-ಪಾರ್ವತಿಯರನ್ನು ಹೈದರ್ ಹಾಗೆಯೇ ಉಳಿಸಿಕೊಂಡ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನಷ್ಟೇ ಇಟ್ಟ. ಸಂತೆಯಲ್ಲಿ ಜನ ನಂಬಿದ್ದ ನಾಣ್ಯದ ರೂಪವನ್ನು ಕೆಡಿಸದ ಆ ವ್ಯವಹಾರಜ್ಞಾನ ನನಗೆ ಬಹಳ ಇಷ್ಟ. ಪ್ರದರ್ಶನದಲ್ಲಿ ಇದರ ಎರಡೂ ಬದಿ ಕಾಣುವ ಹಾಗೆ ಕನ್ನಡಿ ಇಟ್ಟೇ ತೋರಿಸಬೇಕು. ಒಂದು ಬದಿ ಮಾತ್ರ ತೋರಿಸಿದರೆ ಅದು ಸುಳ್ಳು ಹೇಳಿದ ಹಾಗೆ.

ಟಿಪ್ಪು ಸುಲ್ತಾನನ ನಾಣ್ಯಗಳಲ್ಲಿ ನಿಜವಾದ ಸಾಲು ಸಿಗುತ್ತದೆ, ಏಕೆಂದರೆ ಅಲ್ಲಿ ಇಸವಿಯೂ ಇದೆ, ಟಂಕಸಾಲೆಯ ಹೆಸರೂ ಇದೆ. ಪ್ರತಿ ನಾಣ್ಯಕ್ಕೂ ಅವನು ಹೆಸರಿಟ್ಟಿದ್ದ. ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ತಾಮ್ರದ ಪೈಸೆ ಜೊಹ್ರಾ, ಅರ್ಧ ಪೈಸೆ ಬಹ್ರಾಮ್. ತಾಮ್ರದ ಮೇಲೆಲ್ಲ ಆನೆ, ಕೆಲವು ಬಲಕ್ಕೆ ಮುಖ ಮಾಡಿದವು, ಕೆಲವು ಎಡಕ್ಕೆ. ಮೊದಲ ವರ್ಷಗಳಲ್ಲಿ ಹಿಜರಿ ಇಸವಿ. 1787ರ ಸುಮಾರಿಗೆ ಅವನು ಮೌಲೂದಿ ಎಂಬ ಬೇರೆ ಎಣಿಕೆ ತಂದ. ಅದರ 1215ನೇ ವರ್ಷದಿಂದ ನಾಣ್ಯಗಳ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಪಾರಸಿ ಅಂಕಿ ಕಲಿತ ಹೊಸಬರು ಎಡದಿಂದ ಓದಿ 5121 ಅನ್ನುತ್ತಾರೆ, ಅದು 1215. ಈ ಒಂದು ಸೂತ್ರ ತಿಳಿದರೆ ನಿಮ್ಮ ಡಬ್ಬಿಯಲ್ಲಿ ‘ಓದಲಾಗದ್ದು’ ಎಂದು ಬಿದ್ದಿರುವ ಪೈಸೆಗಳಲ್ಲಿ ಅರ್ಧದಷ್ಟು ಓದಲು ಬರುತ್ತವೆ.

ಟಂಕಸಾಲೆಗಳ ಹೆಸರನ್ನೂ ಅವನು ಬದಲಿಸಿದ. ಗುತ್ತಿ ಫೈಜ್ ಹಿಸಾರ್ ಆಯಿತು, ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್, ಧಾರವಾಡ ಖುರ್ಷೀದ್ ಸವಾದ್, ದಿಂಡಿಗಲ್ ಖಾಲಿಕಾಬಾದ್. ಪಟ್ಟಣ ಅಂದರೆ ನಮ್ಮ ಶ್ರೀರಂಗಪಟ್ಟಣದ ಪೈಸೆ ಧಾರಾಳವಾಗಿ ಸಿಗುತ್ತದೆ, ನಗರ ಅಂದರೆ ಹಳೆ ಬಿದನೂರಿನದ್ದೂ ಸಿಗುತ್ತದೆ. ಉಳಿದವು ಅಷ್ಟು ಸುಲಭವಲ್ಲ. ಅದರಲ್ಲಿ ಮೈಸೂರಿಗರಿಗೆ ಹತ್ತಿರದ್ದು ನಜರ್‌ಬಾದ್. ಟಿಪ್ಪು ಮೈಸೂರಿನ ಹಳೆ ಕೋಟೆ ಕೆಡವಿ, ಆ ಕಲ್ಲುಗಳಿಂದ ಪಕ್ಕದಲ್ಲೇ ಹೊಸ ಕೋಟೆ ಕಟ್ಟಿಸಲು ಹೊರಟು ಅದಕ್ಕೆ ಇಟ್ಟ ಹೆಸರು. ದಿನಾ ಬಸ್ಸಿನಲ್ಲಿ ಹಾದುಹೋಗುವ ಬಡಾವಣೆಯ ಹೆಸರನ್ನು ಒಂದು ತಾಮ್ರದ ಪೈಸೆಯ ಮೇಲೆ ‘ನಜರ್‌ಬಾರ್’ ಎಂದು ಪಾರಸಿ ಲಿಪಿಯಲ್ಲಿ ಓದುವ ಸುಖಕ್ಕೆ ಸಮನಾದದ್ದು ನನ್ನ ಮಟ್ಟಿಗೆ ಬೇರೊಂದಿಲ್ಲ. ಆ ಟಂಕಸಾಲೆ ಸ್ವಲ್ಪ ಕಾಲ ಮಾತ್ರ ನಡೆದದ್ದು, ಪಟ್ಟಣದ ಪೈಸೆಗಳ ಮುಂದೆ ಅದರವು ಬಲು ವಿರಳ. ಮೈಸೂರಿನ ಸಂಗ್ರಾಹಕನಿಗೆ ಕೀ ಅಂದರೆ ಅದೇ ಅಂತ ನನ್ನ ಅಭಿಪ್ರಾಯ. ಅಮೆರಿಕದ ಸೆಂಟ್ ಆಗಲಿ, ಲಂಡನ್ನಿನ ಬಲು ಅಪರೂಪದ 1933ರ ಪೆನ್ನಿ ಆಗಲಿ, ನಮ್ಮ ಕೈಗೆ ಬರುವುದೂ ಇಲ್ಲ, ಬಂದರೂ ನಮ್ಮ ನೆಲದ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಇವೆ. ‘ಶ್ರೀ ಚಾಮುಂಡಿ’ ಎಂದು ಕನ್ನಡದಲ್ಲಿ ಓದಬಹುದು. ಮೊದಲು ಆನೆ, ಆಮೇಲೆ ದೇವಿಯ ಸಿಂಹ. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಸಿಂಹದ ಇಪ್ಪತ್ತು ಕಾಸಿನ ಮೇಲೆ ಕ್ರಿಸ್ತಶಕೆಯ ಇಸವಿ ಇರುವುದರಿಂದ ಅದನ್ನು ವರ್ಷವಾರು ಜೋಡಿಸಬಹುದು. ಹೊಸದಾಗಿ ಶುರುಮಾಡುವವರಿಗೆ ನಾನು ಸೂಚಿಸುವ ಸಾಲು ಇದೇ: ಹತ್ತೇ ವರ್ಷದ ವ್ಯಾಪ್ತಿ, ಕೈಗೆಟುಕುವ ಬೆಲೆ, ಕನ್ನಡ ಅಕ್ಷರ. 1843ರ ನಂತರ ಮೈಸೂರು ಸಂಸ್ಥಾನಕ್ಕೆ ಸ್ವಂತ ನಾಣ್ಯವೇ ಇಲ್ಲ. ಹೈದರಾಬಾದಿಗಿತ್ತು, ತಿರುವಾಂಕೂರಿಗಿತ್ತು, ನಮಗಿರಲಿಲ್ಲ. ಒಂದೂವರೆ ಶತಮಾನ ಕಳೆದು ಮೇಟಗಳ್ಳಿಯ ಕಡೆ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಬಂದಾಗ ಮೈಸೂರು ಮತ್ತೆ ದುಡ್ಡು ಮಾಡುವ ಊರಾಯಿತು.

ಸ್ವತಂತ್ರ ಭಾರತದ ನಾಣ್ಯಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಸವಿಯ ಕೆಳಗೆ ನೋಡಿ. ಏನೂ ಇಲ್ಲದಿದ್ದರೆ ಕೋಲ್ಕತ್ತಾ, ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ. 1985ರ ರೂಪಾಯಿಯಲ್ಲಿ ಎಚ್ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಆಗ ನಮ್ಮ ಟಂಕಸಾಲೆಗಳು ಸಾಲದೆ ಹೊರದೇಶದಲ್ಲಿ ಮಾಡಿಸಿದರು. ನಿಕ್ಕಲ್ ರೂಪಾಯಿಗಳಲ್ಲಿ 1950ರದ್ದು ಸಿಗುತ್ತದೆ, 1954ರದ್ದಕ್ಕೆ ಹುಡುಕಬೇಕು. ಮಕ್ಕಳಿಗೆ ಇದೇ ಒಳ್ಳೆಯ ಆರಂಭ, ಖರ್ಚಿಲ್ಲ.

ಈಗ ತೋರಿಸುವ ವಿಷಯ. ನಾಣ್ಯ ತೋರಿಸುವುದೆಂದರೆ ಜಂಬ ಎಂದು ನಮ್ಮಲ್ಲಿ ಕೆಲವರು ನಾಚುತ್ತಾರೆ. ಬೀರುವಿನಲ್ಲಿ ಬೀಗ ಹಾಕಿ, ಮನೆಯವರಿಗೂ ತೋರಿಸದೆ, ಒಂದು ದಿನ ಹೋಗಿಬಿಡುತ್ತಾರೆ. ಮಕ್ಕಳು ಅದನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಅದೂ ಕುಲುಮೆಯೇ. ತೋರಿಸಿ ಸ್ವಾಮಿ, ಹೆಮ್ಮೆಯಿಂದ ತೋರಿಸಿ. ಮೈಸೂರಿನಲ್ಲಿ ದಸರಾ ಬಂದರೆ ಗೊಂಬೆ ಕೂರಿಸುವುದಿಲ್ಲವೇ? ಪಟ್ಟದ ಗೊಂಬೆ ಒಂದೇ ಕೂತರೆ ಯಾರೂ ನಿಂತು ನೋಡುವುದಿಲ್ಲ. ಸುತ್ತ ಮೆಟ್ಟಿಲುಗಳಲ್ಲಿ ಶೆಟ್ಟಿ, ಸಿಪಾಯಿ, ಎತ್ತಿನ ಗಾಡಿ ಎಲ್ಲ ಇದ್ದಾಗ ಪಟ್ಟದ ಗೊಂಬೆಗೆ ಕಳೆ. ನಾಣ್ಯದ ಪ್ರದರ್ಶನವನ್ನೂ ಹಾಗೆ ಕೂರಿಸಿ. 1922ರ ಒಂದು ರೂಪಾಯಿ ಇಡುವಾಗ ಪಕ್ಕದಲ್ಲಿ 1918ರ ಒಂದು ರಾಶಿ ಸುರಿಯಿರಿ. ಏನೂ ಬರೆಯದಿದ್ದರೂ ನೋಡುವವನಿಗೆ ಅರ್ಥವಾಗುತ್ತದೆ.

ಚೀಟಿಯಲ್ಲಿ ಬೆಲೆ ಬರೆಯಬೇಡಿ. ಬೆಲೆ ಬರೆದ ಕ್ಷಣ ಜನ ನಾಣ್ಯ ನೋಡುವುದನ್ನು ಬಿಟ್ಟು ಬೆಲೆಯನ್ನೇ ನೋಡುತ್ತಾರೆ. ಯಾರ ಕಾಲದ್ದು, ಎಲ್ಲಿ ಅಚ್ಚಾದದ್ದು, ಏಕೆ ಕಡಿಮೆ ಉಳಿಯಿತು, ನಿಮಗೆ ಎಲ್ಲಿಂದ ಬಂತು, ಇಷ್ಟು ಸಾಕು. ಕೊನೆಯದನ್ನು ನಮ್ಮವರು ಬರೆಯುವುದೇ ಇಲ್ಲ. ‘ಪಾಂಡವಪುರದ ಕಡೆಯ ಒಂದು ಮನೆಯ ಪೂಜಾಪೆಟ್ಟಿಗೆಯಿಂದ’ ಎಂಬ ಒಂದು ಸಾಲು ಆ ನಾಣ್ಯದ ಪ್ರಯಾಣದ ಏಕೈಕ ದಾಖಲೆ. ಅದು ಕಳೆದರೆ ಯಾವ ಲೆನ್ಸಿನಲ್ಲೂ ಮತ್ತೆ ಸಿಗುವುದಿಲ್ಲ. ದೀಪ ಮೇಲಿನಿಂದ ನೇರ ಬೀಳದೆ ಓರೆಯಾಗಿ ಬೀಳಲಿ, ಆಗ ಅಕ್ಷರ ಎದ್ದು ಕಾಣುತ್ತದೆ. ನಾಣ್ಯವನ್ನು ಅಂಚು ಹಿಡಿದೇ ಎತ್ತಬೇಕು, ಕೆಳಗೆ ಮೆತ್ತನೆಯ ಬಟ್ಟೆ ಇರಬೇಕು. ಮೆತ್ತಗೆ ಬಾಗುವ ಅಗ್ಗದ ಪಿವಿಸಿ ಹಾಳೆಗಳಲ್ಲಿ ಇಡಬೇಡಿ, ಕೆಲವು ವರ್ಷಕ್ಕೆ ಹಸಿರು ಜಿಗುಟು ಬಿಟ್ಟು ತಾಮ್ರವನ್ನು ತಿನ್ನುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಚೌಕಗಳು ಒಳ್ಳೆಯವು.

ಮತ್ತು ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಬೂದಿ ಬೇಡ, ಪೀತಾಂಬರಿ ಬೇಡ, ಹಲ್ಲಿನ ಪೇಸ್ಟ್ ಬೇಡ. ದೇವರ ದೀಪಕ್ಕೆ ಅದು ಸರಿ. ಬೆಳ್ಳಿಯ ಮೇಲಿನ ಕಪ್ಪು, ತಾಮ್ರದ ಮೇಲಿನ ಕಂದು, ಇವು ಕೊಳೆಯಲ್ಲ. ನೂರು ವರ್ಷ ಗಾಳಿಯ ಜೊತೆ ಬಾಳಿದ ಗುರುತು. ಒಂದು ನಿಮಿಷದ ತಿಕ್ಕಾಟದಲ್ಲಿ ಅಕ್ಷರದ ಅಂಚು ಸವೆದುಹೋಗುತ್ತದೆ, ಬೆಲೆಯೂ ಹೋಗುತ್ತದೆ. ಇನ್ನು ಕೊಂಡಿ ಬೆಸೆದ ರೂಪಾಯಿಗಳು, ಕಾಸಿನ ಸರದಿಂದ ಬಿಚ್ಚಿದವು. ಮಂಡ್ಯದ ಹಳ್ಳಿಗಳ ಮನೆಗಳಲ್ಲಿ ಇವು ಬಹಳ. ಸಂಗ್ರಾಹಕರು ಇದನ್ನು ದೋಷ ಎಂದು ತಳ್ಳುತ್ತಾರೆ. ಆಲ್ಬಮ್ಮಿಗೆ ದೋಷವೇ ಇರಬಹುದು. ಆದರೆ ಆ ಕೊಂಡಿಯನ್ನು ಅರೆದು ತೆಗೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಬ್ಬಳು ಹೆಂಗಸು ಅದನ್ನು ಜೀವನವಿಡೀ ಕೊರಳಲ್ಲಿ ಹಾಕಿಕೊಂಡಿದ್ದಕ್ಕೇ ಅದು ಅಕ್ಕಸಾಲಿಗನ ಮೂಸೆಗೆ ಹೋಗದೆ ಉಳಿದದ್ದು.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಹಳೆ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ ಎಂಬ ವಿಡಿಯೋಗಳನ್ನು ನಂಬಬಹುದೇ ಎಂದು ಒಬ್ಬ ತಾಯಿ ಕೇಳಿದರು. ಖಂಡಿತ ಬೇಡ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ಚಲಾವಣೆಗೆಂದೇ ಧಾರಾಳವಾಗಿ ಬಂದ ನಾಣ್ಯ, ಅದಕ್ಕೆ ಲಕ್ಷ ಕೊಡುವವರಿಲ್ಲ. ಅವರು ಮೊದಲು ನೋಂದಣಿಗೆ, ಆಮೇಲೆ ತೆರಿಗೆಗೆ, ಆಮೇಲೆ ಕಮಿಷನ್ನಿಗೆ ಎಂದು ನಿಮ್ಮಿಂದಲೇ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ತನ್ನ ಹೆಸರು ಬಳಸಿ ಹೀಗೆ ವಸೂಲಿ ಮಾಡುವವರಿದ್ದಾರೆ, ತಾನು ಅಂಥ ವ್ಯವಹಾರದಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಈಸ್ಟ್ ಇಂಡಿಯಾ ಕಂಪನಿ, 1818, ರಾಮ ಪಟ್ಟಾಭಿಷೇಕ ಎಂದು ಬರೆದ ತಾಮ್ರದ ಬಿಲ್ಲೆಗಳು ಕಂಪನಿಯ ನಾಣ್ಯಗಳೇ ಅಲ್ಲ, ಬಹಳ ಈಚೆಗೆ ಮಾಡಿದವು. ಅಕ್ಕಿಕಾಳು ಸೆಳೆಯುವ ನಾಣ್ಯ ಎಂದು ಯಾರಾದರೂ ಬಂದರೆ ಮಾತು ಬೆಳೆಸದೆ ಪೊಲೀಸರಿಗೆ ತಿಳಿಸಿ. ರೈಸ್ ಪುಲ್ಲಿಂಗ್ ಹೆಸರಿನಲ್ಲಿ ನಮ್ಮ ಜಿಲ್ಲೆಗಳಲ್ಲಿ ಮನೆ ಕಳೆದುಕೊಂಡವರಿದ್ದಾರೆ.

ಹೊಲ ಉಳುವಾಗ ನಾಣ್ಯದ ಗಡಿಗೆ ಸಿಕ್ಕರೆ ಏನು ಮಾಡಬೇಕು ಎಂದು ಶ್ರೀರಂಗಪಟ್ಟಣದ ಕಡೆಯ ಒಬ್ಬ ರೈತರು ಕೇಳಿದರು. ಇದಕ್ಕೆ ನಮ್ಮ ರಾಜ್ಯದಲ್ಲಿ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಚಿ ಮಾರಬೇಡಿ. ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಗಡಿಗೆಯಲ್ಲಿ ಯಾವ ಯಾವ ಅರಸರ ನಾಣ್ಯ ಒಟ್ಟಿಗಿದ್ದವು, ಅವುಗಳಲ್ಲಿ ಕೊನೆಯದು ಯಾವುದು ಎನ್ನುವುದರಿಂದ ಅದನ್ನು ಹೂತಿಟ್ಟ ಕಾಲ ತಿಳಿಯುತ್ತದೆ. ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯಲ್ಲಿ, ಎ.ವಿ. ನರಸಿಂಹಮೂರ್ತಿ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಮಾಡಿದ ಕೆಲಸಕ್ಕೆ ನೆಲದಿಂದ ಬಂದ ಇಂಥ ಸುಳಿವುಗಳೇ ಆಧಾರ. ನೂರು ವರ್ಷ ದಾಟಿದ ನಾಣ್ಯವನ್ನು ಹೊರದೇಶಕ್ಕೆ ಕಳಿಸುವುದು 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಪರಾಧ, ಅದನ್ನೂ ನೆನಪಿಡಿ.

ಈಗ ಚಲಾವಣೆಯಲ್ಲಿರುವ ಯಾವ ನಾಣ್ಯ ಮುಂದೆ ಕೀ ಆಗುತ್ತದೆ ಎಂದು ಒಬ್ಬ ಕಾಲೇಜು ಹುಡುಗ ಕೇಳಿದ. ಟಂಕಸಾಲೆಯ ಲೆಕ್ಕ ನೋಡಿ ಭವಿಷ್ಯ ಹೇಳುವವರನ್ನು ನಂಬಬೇಡ ಎಂದೆ. 25 ಪೈಸೆ ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು, ರಾಶಿ ರಾಶಿಯಾಗಿ ಬ್ಯಾಂಕಿಗೆ ವಾಪಸಾದವು. ಆ ಸಾಲಿನಲ್ಲಿ ಯಾವ ಇಸವಿ, ಯಾವ ಟಂಕಸಾಲೆಯದು ಹೆಚ್ಚು ಕರಗಿತು ಅನ್ನುವುದು ಅಂಗಡಿಗಳ ಹಳೆ ಡಬ್ಬಿಗಳನ್ನು ಕೂತು ಆರಿಸುವವರಿಗಷ್ಟೇ ಗೊತ್ತಾಗುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಅಂಥ ಡಬ್ಬಿ ಇಟ್ಟುಕೊಂಡ ವ್ಯಾಪಾರಿಗಳು ಇನ್ನೂ ಇದ್ದಾರೆ. ಕಾಗದ, ಪೆನ್ಸಿಲ್ ತೆಗೆದುಕೊಂಡು ಹೋಗು, ಇಸವಿಯೂ ಟಂಕಸಾಲೆಯ ಗುರುತೂ ಸೇರಿಸಿ ಎಣಿಸು, ಎಣಿಸಿದ್ದನ್ನು ಬರೆದಿಡು, ಮುಂದಿನ ಸಭೆಗೆ ಆ ಪಟ್ಟಿ ತಂದು ನಮಗೆಲ್ಲ ಓದಿ ಹೇಳು ಎಂದೆ. ಒಪ್ಪಿಕೊಂಡಿದ್ದಾನೆ.